ಬಿಜಾಪುರಕ್ಕ ಹೋಗಿ ಗೋಳಗುಮ್ಮಟ ಅಷ್ಟ ನೋಡಿ ಬರಬ್ಯಾಡ್ರಿ

ಈ ಸಲ ದಾಳಿಂಬಿ ದುಂಡಾಣು ರೋಗದ ಬಗ್ಗೆ ಬರೆಯೋದಿಲ್ಲ. ಅದನ್ನ ಕೇಳಿದವರಿಗೆಲ್ಲ ಫೋನಿನ್ಯಾಗೇ ಹೇಳೇನಿ. ಇವತ್ತು ಬರೆಯೋದು ಟೂರಿನ ವಿಷಯ. ಓದಿ ನಗಬ್ಯಾಡ್ರಿ, ಕಡೀಕ ಅದು ನಮ್ಮ ಹಿರೇಬಾವಿಗೇ ಬಂದು ಮುಟ್ಟತೈತಿ.

ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೀನಿ. ಒಣಬೇಸಾಯದ ರೈತ ಜೀವನದಾಗ ಒಂದು ಸಲನಾದ್ರೂ ವಿಜಯಪುರಕ್ಕ ಹೋಗಬೇಕು. ಅದೂ ಬಸ್ಸಿನ ಟೂರಿನ್ಯಾಗ ಅಲ್ಲ, ನಾಲ್ಕು ಮಂದಿ ಕೂಡಿ ಸ್ವಂತ ಬಾಡಿಗಿ ಗಾಡಿ ಮಾಡಿಕೊಂಡು. ಹೋದಮ್ಯಾಲೆ ಗೋರಿ ನೋಡಾಕ ಕೊಡೋ ಟೈಮಿನ ಅರ್ಧನಾದ್ರೂ ಅಲ್ಲಿನ ನೀರಿನ ವ್ಯವಸ್ಥಾ ನೋಡಾಕ ಕೊಡಬೇಕು. ಈಗ ಟೂರ್ ಮಾಡಿಸೋರು ತೋರಿಸೋ ಪಟ್ಟಿ ನಮ್ಮಂಥವರಿಗೆ ಅಂತ ಮಾಡಿದ್ದಲ್ಲ.

ಖರ್ಚಿನ ಲೆಕ್ಕ ಮೊದಲು ಕೊಡ್ತೀನಿ, ಯಾಕಂದ್ರ ಎಲ್ಲಾರೂ ಕೇಳೋದು ಅದನ್ನೇ. ಸಜ್ಜಿ ರಾಶಿ ಮುಗಿದಿತ್ತು, ಕಡ್ಲಿ ಕೀಳಾಕ ಇನ್ನೂ ದಿನ ಇತ್ತು. ಹತ್ತು ಮಂದಿ ಕೂಡಿ ಒಂದು ಕ್ರೂಸರ್ ಮಾಡಿದ್ವಿ. ಕಿಲೋಮೀಟರಿಗೆ 17 ರೂಪಾಯಿ, ಹೋಗಿ ಬಂದು ಊರಾಗ ತಿರುಗಾಡಿದ್ದೂ ಸೇರಿ 320 ಕಿ.ಮೀ. ಆತು. ಡ್ರೈವರ್ ಭತ್ತೆ, ಟೋಲ್, ಗೈಡಿನ 800 ಎಲ್ಲಾ ಕೂಡಿ 7,100. ಒಬ್ಬೊಬ್ಬರಿಗೆ 710 ರೂಪಾಯಿ. ಮಧ್ಯಾಹ್ನ ಖಾನಾವಳಿ ಊಟ ಬ್ಯಾರೆ. ಒಂದು ಸಲ ಔಷಧ ಹೊಡೆಯೋ ಖರ್ಚಿಗಿಂತ ಕಡಿಮಿ. "ಟೂರ್ ಅನ್ನೋದು ನೌಕರಿ ಮಂದಿದು, ನಮಗ್ಯಾಕ?" ಅನ್ನೋರಿಗೆ ಇಷ್ಟ ಹೇಳ್ತೀನಿ: ಜಾತ್ರಿಗೆ, ಧರ್ಮಸ್ಥಳಕ್ಕ ಇದರ ಮೂರು ಪಟ್ಟು ಖರ್ಚು ಮಾಡೋರು ನಾವೇ.

ನಸುಕಿನ್ಯಾಗ ನಾಲ್ಕೂವರಿಗೆ ಕುಷ್ಟಗಿ ಬಿಟ್ವಿ. ಇಳಕಲ್, ಹುನಗುಂದ ದಾಟಿ ಕೃಷ್ಣಾ ಸೇತುವೆ ಮ್ಯಾಲೆ ಹೊಂಟಾಗ ಬೆಳಗಾತು. ಗಾಡ್ಯಾಗ ಎಲ್ಲಾರೂ ಕಿಡಕಿ ಕಡೆ ಹೊಳ್ಳಿದ್ರು. ಆಲಮಟ್ಟಿ 524 ಮೀಟರ್, ಕೃಷ್ಣಾ ಬಿ ಸ್ಕೀಮು, ಕೊಪ್ಪಳ ಏತ ನೀರಾವರಿ ಅನ್ನೋ ಮಾತು ಕೇಳಿ ಕೇಳಿ ತಲಿಗೂದಲಾ ಬೆಳ್ಳಗಾದವರು ನಾವು. ಅಷ್ಟು ನೀರು ಕಣ್ಣಿಗೆ ಬಿದ್ರ ಯಾರ ಬಾಯಾಗೂ ಮಾತು ಇರೋದಿಲ್ಲ.

ಗೋಳಗುಮ್ಮಟ ಮುಂಜಾನೆ ಬೇಗ ನೋಡಿಬಿಡಬೇಕು. ತಡಾ ಆದ್ರ ಶಾಲಿ ಹುಡುಗರು ಬಂದು ಸೀಟಿ ಹೊಡದು, ಕೂಗಿ, ಒಂದು ಮಾತು ಕೇಳದಂಗ ಮಾಡ್ತಾರ. ಗದ್ದಲ ಇಲ್ಲದಾಗ ಮ್ಯಾಲಿನ ಗ್ಯಾಲರಿಯೊಳಗ ಗೋಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಎದುರು ಬದಿಗೆ ನಿಂತವರಿಗೆ ಸ್ಪಷ್ಟ ಕೇಳತೈತಿ. ಮೂಲಿ ಮಿನಾರಿನೊಳಗ ಏಳು ಅಂತಸ್ತು ಮೆಟ್ಟಲಾ ಹತ್ತಬೇಕು, ಮೆಟ್ಟಲಾ ಎತ್ತರ ಅದಾವ. ಮೊಣಕಾಲು ನೋವಿದ್ದವರು ಕೆಳಗೇ ಕೂಡ್ರಿ. ಕಟ್ಟಿಸಿದವ ಮಹಮ್ಮದ್ ಆದಿಲ್‌ಶಾಹ, ಮುಗಿದದ್ದು 1656ರ ಸುಮಾರಿಗೆ. ಒಳಗಿನ ನೆಲ ಸುಮಾರು 18,300 ಚದರ ಅಡಿ ಅಂತ ಗೈಡ್ ಹೇಳಿದ. ನಾನು ಅಲ್ಲೇ ಮೊಬೈಲಿನ್ಯಾಗ ಭಾಗಿಸಿ ನೋಡಿದೆ, ಹತ್ತಿರ ಹತ್ತಿರ 17 ಗುಂಟೆ. ಹದಿನೇಳು ಗುಂಟೆ ಜಾಗಾ, ನಡುವ ಒಂದು ಕಂಬ ಇಲ್ಲ! ಅಷ್ಟು ಭಾರದ ಗುಮ್ಮಟ ಒಂದನ್ನೊಂದು ಹಾದು ಹೋಗೋ ಕಮಾನುಗಳ ಮ್ಯಾಲೆ ಕುಂತೈತಿ. ನಮ್ಮ ಜೊತಿಗೆ ಬಂದಿದ್ದ ಗೌಂಡಿ ಮಾಮಾ ಅರ್ಧ ತಾಸು ಕುತ್ತಿಗಿ ಇಳಿಸಲೇ ಇಲ್ಲ.

ಇಷ್ಟಾದಮ್ಯಾಲೆ ಗೈಡ್ ತನ್ನ ಪಟ್ಟಿ ತಗದ. ಜುಮ್ಮಾ ಮಸೀದಿ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಇಬ್ರಾಹಿಂ ರೋಜಾ, ನಡುವ ಒಂದು ಅಂಗಡಿ. ಅಂಗಡಿ ಯಾಕ ಅಂದ್ರ ಮಂದಿ ಕೇಳ್ತಾರ ಅಂದ. ನಾವು ಕೇಳಿಲ್ಲ ಅಂತ ಹೇಳಿ ಅದನ್ನ ತಗಿಸಿದ್ವಿ. ಸ್ವಂತ ಗಾಡಿ ಇದ್ರ ಇದೇ ಲಾಭ ನೋಡ್ರಿ. ಬಸ್ಸಿನ ಟೂರಿನ್ಯಾಗ ಅಂಗಡಿ ಮುಂದ ಮುಕ್ಕಾಲು ತಾಸು, ಬಾವಡಿ ಮುಂದ ಗಾಡಿ ನಿಲ್ಲಿಸೋದೂ ಇಲ್ಲ. "ಅಣ್ಣಾ, ತಾಜ್ ಬಾವಡಿ ತೋರಸು, ತೊರವಿ ಕಡೆ ಕರಕೊಂಡು ಹೋಗು" ಅಂದ್ರ ಆತ "ಅಲ್ಲೇನೈತ್ರಿ ಯಜಮಾನ್ರ, ಬರೇ ನೀರು" ಅಂದ. ಬರೇ ನೀರು! ನಮ್ಮ ಹತ್ತೂ ಮಂದಿಗೆ ನಗಿ ಬಂತು.

ತೋಪಿನ ಬಗ್ಗೆ ಎರಡು ಮಾತು ಹೇಳಿ ಮುಂದ ಹೋಗ್ತೀನಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಇಲ್ಲಿಗೆ ಎಳಕೊಂಡು ಬರಾಕ 400 ಎತ್ತು, 10 ಆನಿ ಬೇಕಾದವು ಅಂತ ಹೇಳ್ತಾರ. ಎತ್ತು ಕಟ್ಟಿದವರಿಗೆ ಗೊತ್ತು, ನಾಲ್ಕು ಜೋಡಿ ಕೂಡಿಸಿ ಒಂದೇ ಸಲ ಹೆಜ್ಜಿ ಇಡಿಸೋದು ಎಷ್ಟು ಕಷ್ಟ ಅಂತ. ಇನ್ನೊಂದು ವಿಷಯ ನನಗ ಬಹಳ ನಾಟಿತು. 1854ರಲ್ಲಿ ಇಂಗ್ಲಿಷರ ಕಾಲಕ್ಕ ಈ ತೋಪನ್ನ ಹರಾಜು ಹಾಕಿದ್ರಂತ, ಕೂಗಿದ್ದು 150 ರೂಪಾಯಿ. ಆಮ್ಯಾಲೆ ಮ್ಯಾಲಿನವರು ಹರಾಜು ರದ್ದು ಮಾಡಿದ್ರು. ಈ 150 ರೂಪಾಯಿ ನೆನಪಿಡ್ರಿ, ಮುಂದ ಬೇಕಾಗತೈತಿ.

ಈಗ ತಾಜ್ ಬಾವಡಿ. ಊರ ಪಶ್ಚಿಮಕ್ಕ ಮಕ್ಕಾ ದರವಾಜಾ ಹತ್ತಿರ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರ ಸುಮಾರಿಗೆ, ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ಅನ್ನುವವನು ಕಟ್ಟಿಸಿದ್ದು. ಇಬ್ರಾಹಿಂ ರೋಜಾದ ಕೆಲಸಕ್ಕೂ ಇವನದೇ ಹೆಸರು. ಮುಂದ ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲಿ ಗೋಪುರ, ಒಳಗ ಕೆಳಗಿಳಿಯೋ ಮೆಟ್ಟಲಾ. ಸುತ್ತ ಪರಊರಿನಿಂದ ಬಂದವರು ಇಳಕೊಳ್ಳಾಕ ಖೋಲಿ. ಬಾವಿ ಅಂದ್ರ ನಮ್ಮ ಹೊಲದ ಬಾವಿ ಅಂತ ತಿಳೀಬ್ಯಾಡ್ರಿ. ಒಂದೊಂದು ಬದಿ ಸುಮಾರು 220 ಅಡಿ. ಅಂದ್ರ ನೀರಿನ ಹಾಸೇ ಒಂದು ಎಕರೆ ಮ್ಯಾಲೆ. ಕೃಷಿಭಾಗ್ಯದಾಗ ನಾವು ತೋಡಿಸಿದ್ವಲ್ಲ 21 ಮೀಟರಿನ ಕೃಷಿ ಹೊಂಡ, ಅಂಥವು ಹತ್ತು ಅದರೊಳಗ ಹಾಸಿ ಮಲಗಿಸಬಹುದು. ಆಳ ಬ್ಯಾರೆ.

ಅದರ ಮುಂದ ನಿಂತಾಗ ಒಂದು ಪ್ರಶ್ನೆ ತಲಿಗೆ ಬಂತು. ವಿಜಯಪುರ ಹೊಳಿ ದಂಡಿ ಊರಲ್ಲ. ಭೀಮಾ ಉತ್ತರಕ್ಕ ದೂರ, ಕೃಷ್ಣಾ ದಕ್ಷಿಣಕ್ಕ ದೂರ, ನಡುವ ಈ ಒಣ ನೆಲ. ಮಳಿ ನಮ್ಮ ಕುಷ್ಟಗಿಯಂಗ, ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಅಂಥಾ ಊರು 1490ರ ಸುಮಾರಿನಿಂದ 1686ರಾಗ ಔರಂಗಜೇಬ ಹಿಡಿಯೋತನಕ, ಎರಡು ನೂರು ವರ್ಷ ಹತ್ತಿರ, ರಾಜಧಾನಿ ಆಗಿತ್ತು. ಸೈನ್ಯ, ಕುದುರಿ, ಆನಿ, ಪ್ಯಾಟಿ ಮಂದಿ. ಇಷ್ಟಕ್ಕೂ ಕುಡಿಯಾಕ ನೀರು ಎಲ್ಲಿಂದ? ಕರೆಂಟ್ ಇಲ್ಲ, ಬೋರ್ ಇಲ್ಲ, ಮೋಟಾರ್ ಇಲ್ಲ.

ಉತ್ತರ ತೊರವಿ ಕಡೆ ಇದೆ. ತೊರವಿ ಅಂದ್ರ ತೊರವೆ ರಾಮಾಯಣದ ತೊರವೆ, ನರಸಿಂಹ ದೇವರ ಊರು, ಪಟ್ಟಣದಿಂದ ಪಶ್ಚಿಮಕ್ಕ ಕೆಲವೇ ಕಿಲೋಮೀಟರ್. ಅಲ್ಲಿ ನೆಲ ಎತ್ತರ, ಪಟ್ಟಣ ಇಳಿಜಾರಿಗೆ. ಆ ಎತ್ತರದ ನೆಲದೊಳಗಿನ ನೀರನ್ನ ಸುರಂಗ ಕೊರೆದು, ಬರೇ ಇಳಿಜಾರಿನ ಮ್ಯಾಲೆ, ಪಟ್ಟಣಕ್ಕ ಹರಿಸಿದ್ರು. ಸುರಂಗದ ಗುಂಟ ಅಲ್ಲಲ್ಲಿ ಮ್ಯಾಲಿನಿಂದ ಬಾವಿಯಂಗ ತೂತು ಇಳಿಸಿರತಾರ. ಅಗೆದ ಮಣ್ಣು ತಗಿಯಾಕ, ಗಾಳಿಗೆ, ಆಮ್ಯಾಲೆ ಇಳಿದು ಹೂಳು ತಗಿಯಾಕ. ಇದಕ್ಕ ಕರೇಜ್ ಅಂತಾರ, ಮೂಲ ಇರಾನ್ ಕಡಿದು. ಬೀದರಿನ ನೌಬಾದದಾಗೂ ಐತಿ, ಅಲ್ಲಿದನ್ನ ಇತ್ತೀಚಿಗೆ ಹೂಳು ತಗದು ಸ್ವಚ್ಛ ಮಾಡಿದ್ರು.

ಗೈಡ್ ಏನಂದ ಗೊತ್ತೇನ್ರಿ? "ಈ ಸುರಂಗ ರಾಜಾ ಓಡಿಹೋಗಾಕ ಮಾಡಿಸಿದ್ದು, ಗೋಲ್ಕೊಂಡಾತನಕ ಐತಿ" ಅಂದ. ಎಲ್ಲಾ ಹಳೇ ಊರಾಗೂ ಇದೇ ಕತಿ. ಸುರಂಗ ಕಂಡ್ರ ಸಾಕು, ರಾಜಾನ್ನ ಓಡಸ್ತಾರ. ಅದು ನೀರು ಓಡಾಕ ಮಾಡಿದ ದಾರಿ ಅಂತ ಹೇಳಿದ್ರ ಟೂರಿಸ್ಟಿಗೆ ರುಚಿ ಹತ್ತೋದಿಲ್ಲ ಅಂತ ಕಾಣತೈತಿ. ಆತನ ತಪ್ಪಲ್ಲ, ಕೇಳೋರು ಏನು ಕೇಳ್ತಾರೋ ಅದನ್ನ ಆತ ಮಾರತಾನ. ನಾವು ಬ್ಯಾರೆ ಕೇಳಿದ್ರ ನಾಳಿಗೆ ಬ್ಯಾರೆ ಹೇಳ್ತಾನ.

ನನಗ ಬಹಳ ಸೇರಿದ್ದು ಗಂಜ್. ಊರಾಗ ಅಲ್ಲಲ್ಲಿ ಚೌಕಾಕಾರದ ಕಲ್ಲಿನ ಗೋಪುರ ಕಾಣತಾವ, ಮಂದಿ ಅದರ ಬದಿಗೆ ಸ್ಕೂಟರ್ ನಿಲ್ಲಿಸಿರತಾರ. ಅವು ನೀರಿನ ಗೋಪುರ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಊರ ದಕ್ಷಿಣಕ್ಕ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವಿ ಜೋಡಿಸಿ, ಸುತ್ತ ಗಚ್ಚು ಹಾಕಿ, ನೆಲದೊಳಗ ನೀರು ತಂದ್ರು. ದಾರ್ಯಾಗ ಈ ಗಂಜ್‌ಗಳು. ಕೊಳವಿಯೊಳಗಿನ ನೀರು ಗಂಜ್ ಒಳಗ ಏರತೈತಿ, ರಭಸ ತಗ್ಗತೈತಿ, ಹೂಳು ತಳಕ್ಕ ಕೂಡತೈತಿ, ತಿಳಿ ನೀರು ಮುಂದ ಹೋಗತೈತಿ. ಡ್ರಿಪ್ ಮಾಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ನಮ್ಮ ಸ್ಯಾಂಡ್ ಫಿಲ್ಟರ್, ಏರ್ ವಾಲ್ವ್, ಪ್ರೆಷರ್ ಕಡಿಮಿ ಮಾಡೋ ವಾಲ್ವ್ ಮೂರೂ ಕೂಡಿ ಮಾಡೋ ಕೆಲಸ ಒಂದು ಕಲ್ಲಿನ ಗೋಪುರ ಮಾಡ್ತಿತ್ತು. ಇಳಿಜಾರು ಹೊಲದಾಗ ಕೆಳಗಿನ ತುದಿಗೆ ಪಿವಿಸಿ ಜಾಯಿಂಟ್ ಬಿಚ್ಚಿ ಹಾರೋದು ಎಲ್ಲಾರೂ ಕಂಡದ್ದೇ. ಮಣ್ಣಿನ ಕೊಳವಿ ಆದ್ರ ಇನ್ನೂ ಮೊದಲೇ ಒಡೀತಿತ್ತು. ಅದಕ್ಕ ನಡುನಡುವ ನೀರಿಗೆ ಉಸಿರಾಡಾಕ ಜಾಗಾ ಮಾಡಿದ್ರು. ಇದನ್ನ ಮಾಡಿದ ಮೇಸ್ತ್ರಿಯ ಹೆಸರು ಎಲ್ಲೂ ಕಲ್ಲಿನ ಮ್ಯಾಲೆ ನನಗ ಕಾಣಲಿಲ್ಲ. ಗೋರಿ ಮ್ಯಾಲೆ ಹೆಸರು ಅದಾವ.

ಗಾಡ್ಯಾಗ ಒಬ್ಬ ತಮ್ಮ ಕೇಳಿದ, "ಅಣ್ಣಾ, 1565ರಾಗ ನಮ್ಮ ಹಂಪಿ ಹಾಳು ಮಾಡಿದವರ ಊರು ಇದು, ಇದನ್ನ ನೋಡಿ ಹೊಗಳ್ತೀಯಲ್ಲ?" ಅಂತ. ಕೇಳೋ ಮಾತೇ. ಹಂಪಿ ನಮಗ ಹತ್ತಿರ, ಹೊಟ್ಟ್ಯಾಗ ಸಂಕಟ ಇರೋದು ಖರೆ. ಆದ್ರ ಬಾವಿ ತೋಡಿದವರು ಸುಲ್ತಾನರಲ್ಲ, ಈ ನೆಲದ ವಡ್ಡರು, ಕಲ್ಲುಕುಟಿಗರು, ಕುಂಬಾರರು ಅಂತ ನಾ ತಿಳಿದೇನಿ. ಕುಡಿದವರೂ ಎಲ್ಲಾ ಮಂದಿ. ಎರಡನೇ ಇಬ್ರಾಹಿಂ ಬರೆದ ಕಿತಾಬ್-ಎ-ನವರಸ್ ಪುಸ್ತಕದಲ್ಲಿ ಸರಸ್ವತಿ, ಗಣಪತಿ ಸ್ತುತಿ ಇದೆ. ಅದನ್ನೂ ಆ ತಮ್ಮಗ ಹೇಳಿದೆ. ಒಪ್ಪಿದನೋ ಇಲ್ಲೋ, ತಾಜ್ ಬಾವಡಿ ಮುಂದ ಫೋಟೋ ಮಾತ್ರ ಬಹಳ ತಕ್ಕೊಂಡ. ಹಂಪಿಗೆ ಹೋದವರೂ ಅಷ್ಟೇ, ಕಲ್ಲಿನ ರಥ ನೋಡಿ ಬರ್ತಾರ. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಅಲ್ಲಿನ ಬಾಳಿ, ಭತ್ತಕ್ಕ ನೀರು ಕೊಡ್ತಾ ಐತಿ, ಅದರ ಮುಂದ ಯಾರೂ ಸೆಲ್ಫಿ ತಗಿಯೋದಿಲ್ಲ.

ಹಂಗಂತ ವಿಜಯಪುರದಾಗ ಎಲ್ಲಾ ಚಂದ ಐತಿ ಅಂತಲ್ಲ. ಬಾವಡಿಗಳು ಎಷ್ಟೋ ವರ್ಷ ಹೂಳು, ಕಸ ತುಂಬಿ ನಾರ್ತಿದ್ದವು. ಕೆಲವು ವರ್ಷದ ಹಿಂದ ತಾಜ್ ಬಾವಡಿ ಮತ್ತ ಕೆಲವು ಹಳೇ ಬಾವಡಿ ಹೂಳು ತಗಿಸಿದ್ರು, ಅದು ಮೆಚ್ಚಬೇಕಾದ್ದೇ. ಆದ್ರ ಒಮ್ಮೆ ಹೂಳು ತಗದ್ರ ಆಗೋದಿಲ್ಲ. ಹೊಲದ ಬದುವಿನಂಗ, ವರ್ಷಾ ವರ್ಷಾ ಕೈ ಆಡಸ್ತಿರಬೇಕು. ಈಗ ಪಟ್ಟಣಕ್ಕ ಕೃಷ್ಣಾ ನೀರು ಪೈಪಿನ್ಯಾಗ ಬರತೈತಿ. ನಳದಾಗ ನೀರು ಬಂತು ಅಂದ ಕೂಡಲೇ ಬಾವಿ ಕಸದ ತೊಟ್ಟಿ ಆಗತೈತಿ, ಇದು ವಿಜಯಪುರಕ್ಕಷ್ಟ ಅಲ್ಲ.

ಈಗ ನಮ್ಮೂರಿಗೆ ಬರ್ತೀನಿ. ಮುಂದಿನ ತಿಂಗಳ ಗ್ರಾಮಸಭಾದಾಗ ಹಿರೇಬಾವಿ ಮುಚ್ಚಿ ಮ್ಯಾಲೆ ಆರು ಮಳಿಗಿ ಕಟ್ಟೋ ವಿಷಯ ಬರೋದೈತಿ. ನಾ ಇದಕ್ಕ ವಿರೋಧ ಅದೇನಿ, ಬಾಯಿಬಿಟ್ಟು ಹೇಳ್ತೀನಿ. ಮಳಿಗಿ ಬೇಕು ಅನ್ನೋರ ಮಾತಿನ್ಯಾಗ ಹುರುಳಿಲ್ಲ ಅಂತಲ್ಲ. ಪಂಚಾಯ್ತಿಗೆ ಬಾಡಿಗಿ ಬರತೈತಿ, ನಾಲ್ಕು ಹುಡುಗರಿಗೆ ಅಂಗಡಿ ಆಗತೈತಿ, ಈಗಿನ ಸ್ಥಿತಿಯೊಳಗ ಬಾವಿ ಸೊಳ್ಳಿ ಗೂಡು, ಹುಡುಗರು ಬಿದ್ರ ಯಾರು ಹೊಣಿ ಅನ್ನೋ ಅಂಜಿಕಿ. ನಮ್ಮ ಓಣಿ ಕಾಕಾರು ಇನ್ನೊಂದು ಮಾತು ಹೇಳ್ತಾರ: "ಅದರ ನೀರಿನಿಂದ ಒಂದು ಎಕರೆ ತೋಟ ಆಗೋದಿಲ್ಲೋ ತಮ್ಮಾ, ಹಳೇದು ಅಂತ ಕಟ್ಟಿಕೊಂಡು ಏನು ಮಾಡೂದು?"

ಕಾಕಾರ ಮಾತು ಅರ್ಧ ಖರೆ. ಹಿರೇಬಾವಿ ನೀರಿನಿಂದ ದಾಳಿಂಬಿ ತೋಟ ಆಗೋದಿಲ್ಲ. ಆದ್ರ ನಾವು ಅದನ್ನ ತೋಟಕ್ಕ ಕೇಳ್ತಾ ಇಲ್ಲ. ಊರಾಗ ಕೆಳಗಿನ ಓಣಿಯ ಎರಡು ಬೋರು ಬ್ಯಾಸಿಗ್ಯಾಗ ಉಳಿದ ಬೋರಿಗಿಂತ ಒಂದು ತಿಂಗಳು ಹೆಚ್ಚಿಗೆ ನಡೀತಾವ. ಎರಡೂ ಹಿರೇಬಾವಿಗೆ ಹತ್ತಿರದವು. ಇದು ಬರೇ ಹಣೇಬರಹ ಅಂತ ಯಾರಾದ್ರೂ ಹೇಳಿದ್ರ ನಾ ಒಪ್ಪೋದಿಲ್ಲ. ಗುಡ್ಡದ ಕಡಿಯಿಂದ ಬರೋ ಹಳ್ಳದ ನೀರು ಮೊದಲು ಆ ಬಾವಿಗೆ ಒಂದು ಕಾಲುವಿಯೊಳಗ ಬರ್ತಿತ್ತು. ಆ ಕಾಲುವಿ ಮ್ಯಾಲೆ ಈಗ ಯಾರ ಯಾರ ಜಗಲಿ ಅದಾವ ಅಂತ ಎಲ್ಲಾರಿಗೂ ಗೊತ್ತು, ನಾ ಇಲ್ಲಿ ಬರೆಯೋದಿಲ್ಲ. ನನ್ನ ಹೊಲದಾಗ 600 ಅಡಿ ಬೋರು ಬತ್ತಿ ಕುಂತಾವ ಎರಡು. ನಿಮ್ಮ ಹೊಲದಾಗ ಎಷ್ಟು ಅಂತ ನೀವೇ ಎಣಿಸ್ರಿ. ಒಂದು ಬತ್ತಿದ ಬೋರಿಗೆ ಹೋದ ದುಡ್ಡಿನ್ಯಾಗ ಹಿರೇಬಾವಿ ಹೂಳು ಪೂರ್ತಿ ತಗಿಸಿ, ಮ್ಯಾಲೆ ಜಾಳಿಗಿ ಹಾಕಿ, ಸುತ್ತ ಕಟ್ಟಿ ಕಟ್ಟಬಹುದು. ಉದ್ಯೋಗ ಖಾತ್ರಿ ಕೆಲಸದಾಗ ಹಾಕಿಸಿದ್ರ ನಮ್ಮ ಕೂಲಿ ಮಂದಿಗೇ ದುಡ್ಡು ಬರತೈತಿ.

"ಬಿ ಸ್ಕೀಮ್ ನೀರು ಬಂದ್ರ ಬಾವಿ ಯಾಕ ಬೇಕು?" ಅಂತ ಮತ್ತೊಬ್ಬರು. ಬರಲಿ, ಬಂದ್ರ ಮೊದಲು ಆರತಿ ಹಿಡಿಯಾಂವ ನಾನೇ. ಆದ್ರ ಬರೋತನಕ ದನಕ್ಕ ಏನು ಕುಡಸ್ತೀರಿ? ಬಂದಮ್ಯಾಲೂ ಆ ನೀರು ಹಿಡಿದು ಇಡಾಕ ಜಾಗಾ ಬೇಕಲ್ಲ. ವಿಜಯಪುರ ಜಿಲ್ಲಾದಾಗ ಏತ ನೀರಾವರಿ ನೀರು ಬಂದಾಗ ಮೊದಲು ತುಂಬಿಸಿದ್ದು ಹಳೇ ಕೆರಿಗಳನ್ನೇ. ಕೆರಿ ಉಳಿಸಿಕೊಂಡಿದ್ದ ಊರಿಗೆ ನೀರು ನಿಂತಿತು. ಮುಚ್ಚಿದವರ ಊರಾಗ ಎಲ್ಲಿ ನಿಲ್ಲತೈತಿ?

ಆರು ಮಳಿಗಿ ಬಾಡಿಗಿ ತಿಂಗಳಿಗೆ ಎಷ್ಟು ಬಂದೀತು ಅಂತ ನೀವೇ ಲೆಕ್ಕ ಹಾಕ್ರಿ. 55 ಟನ್ನಿನ ತೋಪಿಗೆ 150 ರೂಪಾಯಿ ಕೂಗಿದವರೂ ಅವತ್ತು ಲೆಕ್ಕ ಹಾಕೇ ಕೂಗಿರಬೇಕು. ಮಳಿಗಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಗಾಯರಾಣ ಮೂಲಿ ಐತಿ, ಅದರ ಬಗ್ಗೆ ಸಭಾದಾಗ ಮಾತಾಡೋಣ. ಗಣಪತಿ ಬಿಡಾಕ ಬ್ಯಾರೆ ತೊಟ್ಟಿ ಮಾಡೋದೂ ಅವತ್ತೇ ಇತ್ಯರ್ಥ ಆಗಲಿ, ಪ್ಲಾಸ್ಟರ್ ಗಣಪತಿ ಹಿರೇಬಾವ್ಯಾಗ ಬಿಡೋದು ನಿಲ್ಲಬೇಕು.

ಒಂದು ಕೋರಿಕಿ. ರೈತರ ಸಂಘದಿಂದ ವರ್ಷಕ್ಕೊಂದು ಅಧ್ಯಯನ ಪ್ರವಾಸ ಅಂತ ಹೋಗ್ತೀವಿ, ಹೋದ ಸಲ ಮೇಳ ನೋಡಿ ಚೀಲ, ಟೋಪಿ ಇಸ್ಕೊಂಡು ಬಂದ್ವಿ. ಈ ಸಲ ಗ್ರಾಮಸಭಾಕ್ಕಿಂತ ಮೊದಲು ಪಂಚಾಯ್ತಿ ಮೆಂಬರರನ್ನೂ ಕರಕೊಂಡು ವಿಜಯಪುರಕ್ಕ ಹೋಗೋಣ. ಮುಂಜಾನೆ ಗೋಳಗುಮ್ಮಟ, ಅಲ್ಲಿಂದ ನೇರ ಉಪ್ಪಲಿ ಬುರುಜು. 80 ಅಡಿ ಹತ್ತಿ ನಿಂತ್ರ ಊರೆಲ್ಲ ಕಾಣತೈತಿ, ಊರು ಯಾವ ಕಡೆ ಎತ್ತರ, ಯಾವ ಕಡೆ ಇಳಿಜಾರು ಅಂತ ಅಲ್ಲೇ ಗೊತ್ತಾಗತೈತಿ. ಆಮ್ಯಾಲೆ ತಾಜ್ ಬಾವಡಿ, ಇಬ್ರಾಹಿಂ ರೋಜಾ, ಎರಡೂ ಹತ್ತಿರ ಹತ್ತಿರ. ಊಟ ಆದಮ್ಯಾಲೆ ತೊರವಿ, ಸಂಜಿಮುಂದ ಬೇಗಂ ತಲಾಬ್. ಹೊತ್ತು ಮುಳುಗಾಕ ಹೊಂಟ್ರ ರಾತ್ರಿ ಹತ್ತರೊಳಗ ಊರು ಸೇರಬಹುದು. ಗೋಳಗುಮ್ಮಟದ ಮುಂದಿನ ಮ್ಯೂಸಿಯಂ ನೋಡೋ ಆಸೆ ಇದ್ರ ಶುಕ್ರವಾರ ಬ್ಯಾಡ, ಅವತ್ತು ಅದು ಬಂದ್. ಹೆಂಗಸರೂ ಬರಲಿ, ನೀರು ಹೊತ್ತವರು ಅವರೇ. ಕ್ರೂಸರಿನವನ ಹತ್ತಿರ ಮಾತಾಡೇನಿ, ಎರಡು ಗಾಡಿ ಆದ್ರ ಕಿಲೋಮೀಟರಿಗೆ ಒಂದು ರೂಪಾಯಿ ಕಡಿಮಿ ಮಾಡ್ತಾನಂತ. ಬರೋರು ಸೋಮವಾರದ ಸಂತಿ ಒಳಗ ನನಗ ಹೆಸರು ಹೇಳ್ರಿ.